ಮೂಲ ದಾಖಲೆಗಳೊಂದಿಗೆ ಮಗುವನ್ನೂ ಹಾಜರುಪಡಿಸತಕ್ಕದ್ದು

ಈ ಕೈಪಿಡಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಆಟಿಸಂ ಇರುವ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಲು ಹೊರಟ ತಂದೆ-ತಾಯಿಯರಿಗಾಗಿ. ಈ ನಾಲ್ಕನ್ನು ಒಡೆದು ಮಾಡಿದ ಚಡಚಣ, ದೇವರಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರದವರೂ ಬಳಸಬಹುದು. ಆಧಾರ್ ಕಾರ್ಡಿನಲ್ಲಿ ಹಳೆಯ ತಾಲ್ಲೂಕು, ರೇಷನ್ ಕಾರ್ಡಿನಲ್ಲಿ ಹೊಸ ತಾಲ್ಲೂಕು ಇದ್ದವರು ಮಾತ್ರ ಮೊದಲು ‘ದೋಷ ಮತ್ತು ಪರಿಹಾರ’ ಓದಿಕೊಂಡು ಆಮೇಲೆ ಇಲ್ಲಿಗೆ ಬರಬೇಕು. ಅವಸರವೇನಿಲ್ಲ. ಈ ಕೆಲಸದಲ್ಲಿ ನಿಮ್ಮನ್ನು ಬಿಟ್ಟರೆ ಯಾರಿಗೂ ಅವಸರವಿಲ್ಲ.

ಬಳಸುವ ಮುನ್ನ

ನಿಮ್ಮ ಮಗ ಬೇರೆ ಮಕ್ಕಳ ಹಾಗಲ್ಲ ಎಂಬುದು ನಿಮಗೆ ಗೊತ್ತು, ಮನೆಯ ಆಯಿಗೆ ಗೊತ್ತು, ಓಣಿಗೂ ಗೊತ್ತು. ಓಣಿ ಅದಕ್ಕೆ ತನ್ನದೇ ಒಂದು ಹೆಸರನ್ನೂ ಇಟ್ಟಿದೆ. ಗೊತ್ತಿಲ್ಲದಿರುವುದು ಸರಕಾರಕ್ಕೆ ಮಾತ್ರ. ಸರಕಾರಕ್ಕೆ ಬಾಯಿಂದ ಹೇಳಿದರೆ ತಿಳಿಯುವುದಿಲ್ಲ, ಕಾಗದದಲ್ಲಿ ಹೇಳಬೇಕು, ಆ ಕಾಗದವನ್ನು ಇನ್ನೊಂದು ಕಾಗದ ಹೌದು ಎನ್ನಬೇಕು.

ಕಾನೂನಿನ ಕಡೆಯಿಂದ ನಿಮ್ಮ ಸ್ಥಿತಿ ಹಿಂದಿನವರಿಗಿಂತ ಸುಧಾರಿಸಿದೆ ಎಂದು ಮೊದಲೇ ಹೇಳಿಬಿಡುವುದು ನ್ಯಾಯ. 1995ರ ಕಾಯ್ದೆ ಏಳೇ ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು, ಆ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದರ ಹೆಸರು ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ಅದರಲ್ಲಿ ಆಟಿಸಂಗೂ ಜಾಗ ಕೊಟ್ಟಿತು. ಆ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದಕ್ಕೂ ಮುಂಚೆ ಹುಟ್ಟಿದ ಎಷ್ಟೋ ಮಕ್ಕಳು ‘ಬುದ್ಧಿಮಾಂದ್ಯ’ ಎಂದು ಬರೆಸಿಕೊಂಡು ದೊಡ್ಡವರಾದರು, ಇನ್ನೆಷ್ಟೋ ಮಕ್ಕಳು ಏನನ್ನೂ ಬರೆಸಿಕೊಳ್ಳದೆ ದೊಡ್ಡವರಾದರು. ಸೌಲಭ್ಯಗಳ ಬಾಗಿಲು ಶೇ 40ರಲ್ಲಿದೆ. ಅದರ ಕೆಳಗೆ ಬಂದರೆ ವೈಕಲ್ಯ ಇದೆ, ಸೌಲಭ್ಯ ಇಲ್ಲ.

ಪೆಟ್ಟಿಗೆಯೊಳಗೆ ಏನೇನಿರಬೇಕು

ಆಧಾರ್, ವಿಳಾಸದ ದಾಖಲೆ, ಈಚೆಗೆ ತೆಗೆಸಿದ ಫೋಟೊ ಮತ್ತು ‘ಹಿಂದಿನ ವೈದ್ಯಕೀಯ ದಾಖಲೆಗಳು’.

ಆಧಾರ್ ಹಗುರಾಗಿ ತೆಗೆದುಕೊಳ್ಳುವ ವಿಷಯವಲ್ಲ. ಐದು ತುಂಬುವವರೆಗೆ ಮಗುವಿಗೆ ಬಾಲ ಆಧಾರ್, ಅದಕ್ಕೆ ಬೆರಳಚ್ಚು ಬೇಡ. ಐದು ತುಂಬಿದ ಮೇಲೆ ಹತ್ತೂ ಬೆರಳು ಗಾಜಿನ ಮೇಲೆ ಒತ್ತಬೇಕು, ಎರಡೂ ಕಣ್ಣು ಯಂತ್ರದೊಳಗೆ ಇಡಬೇಕು. ಯಾರ ಕಣ್ಣನ್ನೂ ನೋಡದ ಮಗ ಆ ಯಂತ್ರದ ಕಣ್ಣನ್ನು ನೋಡಬೇಕು, ಅಲುಗಾಡದೆ. ಆಧಾರ್ ಕೇಂದ್ರದ ಹುಡುಗ ‘ಯಕ್ಕಾ, ಸ್ವಲ್ಪ ಹಿಡಕೋರಿ ಅವನ್ನ’ ಎನ್ನುತ್ತಾನೆ. ನೀವು ಹಿಡಿದುಕೊಳ್ಳುತ್ತೀರಿ, ಮಗ ಚೀರುತ್ತಾನೆ, ಸಾಲಿನಲ್ಲಿ ನಿಂತವರು ನಿಮ್ಮ ಮುಖ ನೋಡುತ್ತಾರೆ. ಇಲ್ಲಿ ಒಂದು ಸೂಚನೆ: ಆ ಚೀರಾಟವೇ ನೀವು ತಿಂಗಳುಗಟ್ಟಲೆ ಹುಡುಕುತ್ತಿರುವ ಪುರಾವೆ. ಆದರೆ ಅದನ್ನು ದಾಖಲಿಸುವ ಖಾನೆ ಆ ಯಂತ್ರದಲ್ಲಿಲ್ಲ.

ಇನ್ನು ವೈದ್ಯಕೀಯ ದಾಖಲೆ. ಎಲ್ಲರ ಮನೆಯಲ್ಲೂ ಅದು ಒಂದು ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಚೀಲವನ್ನು ಗಚ್ಚಿನ ಮೇಲೆ ಸುರಿಯಿರಿ. ತಾಯಿ ಕಾರ್ಡು ಬೀಳುತ್ತದೆ. ಅದರಲ್ಲಿ ಚುಚ್ಚುಮದ್ದಿನ ಪುಟ ಪೂರ್ತಿ ತುಂಬಿದೆ. ಮಗು ಯಾವಾಗ ನಕ್ಕಿತು, ಯಾವಾಗ ಕುಳಿತಿತು, ಕರೆದರೆ ಯಾವಾಗ ತಿರುಗಿ ನೋಡಿತು ಎಂದು ಗುರುತು ಹಾಕುವ ಪುಟ ಅಚ್ಚಾದಾಗ ಹೇಗಿತ್ತೋ ಹಾಗೇ ಇದೆ. ಸೊಲ್ಲಾಪುರದ ದವಾಖಾನೆಯ ಚೀಟಿ ಬೀಳುತ್ತದೆ, ಮರಾಠಿಯಲ್ಲಿ. ಕೆಮ್ಮಿನ ಔಷಧದ ಬಿಲ್ಲು. ಯಾರದೋ ಲಗ್ನಪತ್ರಿಕೆ. ಆಟಿಸಂ ಎಂಬ ಪದ ಯಾವ ಕಾಗದದ ಮೇಲೂ ಇಲ್ಲ.

ಇದರಲ್ಲಿ ನಿಮ್ಮ ತಪ್ಪನ್ನು ಹುಡುಕುವವರು ಸಿಗುತ್ತಾರೆ, ಆದರೆ ತಪ್ಪು ಇರುವುದು ಬೇರೆಡೆ. ಮಗ ಎರಡು ವರ್ಷದವನಿದ್ದಾಗ ‘ಗಂಡ ಹುಡುಗ್ರು ತಡಾ ಮಾಡೇ ಮಾತಾಡ್ತಾವ’ ಎಂದರು. ಮೂರಕ್ಕೆ ‘ಅವರಪ್ಪನೂ ಹಿಂಗ ಇದ್ದ’ ಎಂದರು. ಮಠಕ್ಕೆ ಹೋಗಿ ದಾರ ಕಟ್ಟಿಸಿದಿರಿ. ಮಳೆ ಕೈಕೊಟ್ಟ ವರ್ಷ ಗುಳೆ ಹೋದಿರಿ, ಗೋವಾಕ್ಕೋ ಪುಣೆಗೋ. ಅಲ್ಲಿ ಮಗ ಯಾವ ಅಂಗನವಾಡಿಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ದೊಡ್ಡ ಊರಿನ ಮಗುವಿಗೆ ಎರಡನೇ ವರ್ಷದಿಂದಲೇ ಥೆರಪಿ ಕೇಂದ್ರದ ಫೈಲು ಬೆಳೆಯುತ್ತದೆ. ಇಲ್ಲಿ ಕೇಂದ್ರವೇ ಇಲ್ಲದ ಮೇಲೆ ಫೈಲು ಎಲ್ಲಿಂದ ಬರಬೇಕು? ಸೇವೆ ಕೊಡದವರೇ ಸೇವೆ ಪಡೆದ ರಸೀದಿ ಕೇಳುತ್ತಾರೆ. ಸಾಕ್ಷ್ಯ ಕಡಿಮೆ ಎಂಬುದರ ಅರ್ಥ ಬಹಳ ಸಲ ಇಷ್ಟೇ.

ನಮ್ಮದೇ ಜಿಲ್ಲೆಯ ಇಂಡಿ ಲಿಂಬೆಗೆ ಈಚೆಗೆ ಜಿಐ ಮಾನ್ಯತೆ ಸಿಕ್ಕಿತು. ಲಿಂಬೆ ಇಂಡಿಯದೇ, ಅದರ ಗುಣ ಈ ಮಣ್ಣಿನದೇ ಎಂದು ತೋರಿಸಲು ದಾಖಲೆ ಕೂಡಿಹಾಕಬೇಕಾಯಿತು. ಕೂಡಿಹಾಕಲು ಲಿಂಬೆ ಅಭಿವೃದ್ಧಿ ಮಂಡಳಿ ಇತ್ತು. ನಿಮ್ಮ ಮಗನಿಗೆ ಮಂಡಳಿ ಇಲ್ಲ. ಅಧ್ಯಕ್ಷರು, ಸದಸ್ಯರು, ಗುಮಾಸ್ತರು, ಎಲ್ಲಾ ನೀವೇ.

ಪುರಾವೆ ತಯಾರಿಸುವ ವಿಧಾನ

ತಯಾರಿಸುವುದೆಂದರೆ ಸುಳ್ಳು ಸೃಷ್ಟಿಸುವುದಲ್ಲ. ಅರ್ಹತೆಯಿಲ್ಲದೆ ಮೋಸದಿಂದ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ನೀವು ಮಾಡಬೇಕಾದದ್ದು ಜನರ ತಲೆಯಲ್ಲಿರುವುದನ್ನು ಹಾಳೆಗೆ ಇಳಿಸುವುದು.

ಈ ವಿದ್ಯೆ ಹೊಸದಲ್ಲ. 1938ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರಿಗೆ ತಮ್ಮ ಮಗ ಡೊನಾಲ್ಡ್ ಬಗ್ಗೆ 33 ಪುಟಗಳ ಪತ್ರ ಬರೆದರು. ಅವನು ಏನು ತಿನ್ನುತ್ತಾನೆ, ಏನನ್ನು ತಿರುಗಿಸುತ್ತಾನೆ, ಯಾರು ಬಂದರೂ ಹೇಗೆ ತಲೆ ಎತ್ತುವುದಿಲ್ಲ, ಎಲ್ಲ ಅದರಲ್ಲಿತ್ತು. 1943ರಲ್ಲಿ ಕ್ಯಾನರ್ 11 ಮಕ್ಕಳನ್ನು ಕುರಿತ ಪ್ರಬಂಧ ಪ್ರಕಟಿಸಿದಾಗ ಮೊದಲನೇ ಮಗು ಈ ಡೊನಾಲ್ಡ್. ಇಂದು ಜಗತ್ತು ಆಟಿಸಂ ಎಂದು ಕರೆಯುವುದಕ್ಕೆ ಮೊದಮೊದಲು ಸಿಕ್ಕ ಪುರಾವೆ ಒಬ್ಬ ಅಪ್ಪನ ಕಾಗದ. ಆಗಲೂ ಅದಕ್ಕೆ ರಕ್ತಪರೀಕ್ಷೆ ಇರಲಿಲ್ಲ, ಈಗಲೂ ಇಲ್ಲ. ಆ ವಕೀಲರ ಬಳಿ ಹೇಳಿದ್ದನ್ನು ಟೈಪ್ ಮಾಡಲು ಆಳಿತ್ತು. ನಿಮಗೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ಬರೆಯಲು ಬಾರದಿದ್ದರೆ ಅಕ್ಕನ ಮಗಳು ಎಂಟನೇ ಇಯತ್ತೆಯಲ್ಲಿದ್ದಾಳೆ, ಅವಳಿಂದ ಬರೆಸಿ.

ಬರೆಯುವಾಗ ವಿಶೇಷಣಗಳನ್ನು ದೂರವಿಡಿ. ‘ಭಾಳ ಹಟಮಾರಿ’ ಎಂದು ಬರೆದರೆ ಅದು ದೂರಾಗುತ್ತದೆ. ‘ದಿನಾ ರೊಟ್ಟಿ ದುಂಡಗ ಇದ್ದರ ಮಾತ್ರ ತಿಂತಾನ, ಮುರಿದು ಕೊಟ್ಟರ ಗಂಗಾಳ ಒಗೀತಾನ’ ಎಂದು ಬರೆದರೆ ಅದು ಸಾಕ್ಷ್ಯ. ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಪಕ್ಕದಲ್ಲಿ ಅಂಕಿ ಹಾಕಿ. ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆಗೆ ಹೋದಾಗ ಡೊಳ್ಳಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದನಲ್ಲ, ಯಾರಾದರೂ ಬೀಗರು ಅದನ್ನು ಮೊಬೈಲಿನಲ್ಲಿ ಹಿಡಿದಿರುತ್ತಾರೆ. ಹಿಡಿದವರನ್ನು ಹುಡುಕಿ ವಿಡಿಯೊ ತರಿಸಿಕೊಳ್ಳಿ.

ಆಮೇಲೆ ಊರೊಳಗಿನ ಸಾಕ್ಷಿಗಳು. ಅಂಗನವಾಡಿಯ ಅಕ್ಕಾರು ನಿಮ್ಮ ಮಗನನ್ನು ಮೂರು ವರ್ಷ ನೋಡಿದ್ದಾರೆ. ಅವನು ಹಾಡಿನ ಹೊತ್ತಿಗೆ ಮೂಲೆಯಲ್ಲಿ ಚಪ್ಪಲಿ ಸಾಲಾಗಿ ಜೋಡಿಸುತ್ತಾ ಕೂತಿರುತ್ತಿದ್ದ ಎಂಬುದು ಅವರಿಗೆ ಇಂದಿಗೂ ನೆನಪಿದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಸಹಿ, ಸಿಕ್ಕೆ ಹಾಕಿಕೊಡಲು ಕೇಳಿ. ಶಾಲೆಯ ಮಾಸ್ತರರಿಂದ ಇನ್ನೊಂದು ಹಾಳೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸುವುದು ಅವರ ಕೆಲಸ, ಅವರು ಬರೆದರೆ ಅದಕ್ಕೆ ತೂಕ ಹೆಚ್ಚು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರಬೇಕು. ಬಂದ ದಿನ ಮಗನನ್ನು ಮನೆಯಲ್ಲಿ ಬಚ್ಚಿಡಬೇಡಿ, ಅನೇಕರು ನಾಚಿಕೆಗೆ ಹಾಗೆ ಮಾಡುತ್ತಾರೆ. ಆ ತಂಡ ಬರೆದುಕೊಡುವ ರೆಫರಲ್ ಚೀಟಿಯೇ ಎಷ್ಟೋ ಮಕ್ಕಳ ಫೈಲಿನ ಮೊದಲ ಹಾಳೆ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇನ್ನೊಂದು ದಾರಿ. ಯಾವ ಮಂಗಳವಾರ ಯಾವ ಊರು ಎಂದು ಹಿಂದಿನ ದಿನವೇ ಕೇಳಿಕೊಂಡು ಹೋಗಿ. ಹೋದಾಗ ಔಷಧಿ ಸಿಗದೆ ಇರಬಹುದು, ಬೇಸರಪಟ್ಟುಕೊಳ್ಳಬೇಡಿ, ಆಟಿಸಂಗೆ ಗುಳಿಗೆ ಇಲ್ಲ. ನಿಮಗೆ ಬೇಕಾದದ್ದು ದಿನಾಂಕ ಹಾಕಿದ ಹೊರರೋಗಿ ಚೀಟಿ, ಅದರ ಮೇಲೆ ವೈದ್ಯರು ಬರೆದ ಎರಡು ಸಾಲು.

ಆಯಿಯನ್ನು ಮರೆಯಬೇಡಿ. ಮೊಮ್ಮಗ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ದೂರದಲ್ಲಿ ಬಸ್ಸಿನ ಹಾರ್ನ್ ಆದರೆ ಓಡುತ್ತಾನೆ, ಆದ್ದರಿಂದ ಕಿವಿ ಚೊಲೋ ಇದೆ ಎಂದು ಊರಲ್ಲಿ ಎಲ್ಲರಿಗಿಂತ ಮೊದಲು ಕಂಡುಕೊಂಡದ್ದು ಆಯಿ. ಆಕೆಯ ಮಾತಿಗೆ ಸಿಕ್ಕೆ ಇಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ನೋಂದಣಿ

ಯುಡಿಐಡಿ ಎಂಬುದು ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಅರ್ಜಿ ಆನ್‌ಲೈನ್. ನೀವೇ ಹಾಕಬಹುದು ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಹಾಕುವುದಿಲ್ಲ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕು ಪಂಚಾಯತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು. ಈ ಕಾರ್ಯಕರ್ತರು ಸಾಮಾನ್ಯವಾಗಿ ತಾವೇ ಅಂಗವಿಕಲರು. ಸರತಿಯಲ್ಲಿ ನಿಂತ ಅನುಭವ ಅವರ ಕಾಲಿಗೂ ಇದೆ. ಈ ಕೈಪಿಡಿಯಲ್ಲಿ ಯಾವ ಎಚ್ಚರಿಕೆಯನ್ನೂ ಲಗತ್ತಿಸದೆ ಶಿಫಾರಸು ಮಾಡಬಹುದಾದ ಏಕೈಕ ಭಾಗ ಇವರು. ಗೌರವಧನ ಕಡಿಮೆ, ಹಳ್ಳಿಗಳು ಹೆಚ್ಚು, ಆದ್ದರಿಂದ ಫೋನು ಒಂದೇ ಸಲಕ್ಕೆ ಎತ್ತದಿದ್ದರೆ ಸಿಟ್ಟಾಗಬೇಡಿ.

ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಮೂರು ಕಡೆ ಬರೆದಿಡಿ. ಪ್ರಮಾಣಪತ್ರವನ್ನು ಒಂದು ತಿಂಗಳಲ್ಲಿ ಕೊಡಬೇಕು ಎಂದು 2017ರ ನಿಯಮ ಹೇಳಿತ್ತು. ತಡವಾಗುತ್ತಿದೆ ಎಂಬ ದೂರುಗಳಿಗೆ 2024ರ ತಿದ್ದುಪಡಿಯಲ್ಲಿ ಪರಿಹಾರ ಸಿಕ್ಕಿತು: ಒಂದು ತಿಂಗಳನ್ನು ಮೂರು ತಿಂಗಳು ಮಾಡಿದರು.

ಪ್ರಯಾಣ

ಪರೀಕ್ಷೆಗೆ ಹೋಗಬೇಕಾದ ವಿಜಯಪುರಕ್ಕೆ ಬಾಗೇವಾಡಿಯಿಂದ 45 ಕಿ.ಮೀ. ಆಸುಪಾಸು, ಇಂಡಿ, ಸಿಂದಗಿಯಿಂದ 60ರ ಹತ್ತಿರ, ಮುದ್ದೇಬಿಹಾಳದಿಂದ ಸುಮಾರು 80. ತಾಯಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಮಗಳಾಗಿದ್ದರೆ ಅವಳಿಗೂ ಇಲ್ಲ. ಆರು ದಾಟಿದ ಮಗನಿಗೆ ಅರ್ಧ ಟಿಕೆಟ್. ವಿಕಲಚೇತನರಿಗೆ ರಿಯಾಯಿತಿ ಬಸ್ ಪಾಸು ಇದೆ, ಅದು ಕಾರ್ಡು ಬಂದ ಮೇಲೆ. ಕಾರ್ಡಿಗಾಗಿ ಓಡಾಡುವಾಗ ನಿಮ್ಮ ದುಡ್ಡು. ತಂದೆಯೂ ಬಂದರೆ ಅವನ ಪೂರ್ತಿ ಟಿಕೆಟ್ಟು ಹಾಗೂ ಒಂದು ದಿನದ ಕೂಲಿ. ಅದಕ್ಕೇ ಸರತಿಯಲ್ಲಿ ಕಾಣುವವರೆಲ್ಲ ತಾಯಂದಿರು.

ಕಿಟಕಿಯ ಸೀಟು ಹಿಡಿಯಿರಿ. ರೊಟ್ಟಿ ಮುರಿಯದಂತೆ ಡಬ್ಬಿಯಲ್ಲಿ ಒಯ್ಯಿರಿ.

ನಲವತ್ತು ಪ್ರಶ್ನೆ

ಮನೋವೈದ್ಯರು, ಮಕ್ಕಳ ವೈದ್ಯರು, ತರಬೇತಾದ ಮನಶ್ಶಾಸ್ತ್ರಜ್ಞರು ಸೇರಿ ಮಗುವನ್ನು ನೋಡಬೇಕು. ಅಳೆಯುವ ಕೋಲಿನ ಹೆಸರು ಇಸಾ. ಸಿಕಂದರಾಬಾದಿನ ಆಗಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಭಾರತದ ಮಕ್ಕಳಿಗೆಂದೇ ರೂಪಿಸಿದ್ದು. ಆರು ಭಾಗ, 40 ಅಂಶ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅಪರೂಪಕ್ಕೆ ಆದರೆ 1, ಒಮ್ಮೊಮ್ಮೆ ಆದರೆ 2, ಆಗಾಗ 3, ಬಹುಪಾಲು 4, ಯಾವಾಗಲೂ 5. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ.

ಇಲ್ಲಿ ನಮ್ಮ ಕಡೆಯವರು ಸೋಲುವುದು ಮಗನಿಂದ ಅಲ್ಲ, ತಮ್ಮ ಮರ್ಯಾದೆಯಿಂದ. ದೊಡ್ಡವರ ಮುಂದೆ ಮನೆಯ ಕಷ್ಟವನ್ನು ತಗ್ಗಿಸಿ ಹೇಳುವುದು ನಮ್ಮ ರೂಢಿ.

‘ಕಣ್ಣಾಗ ಕಣ್ಣಿಟ್ಟು ನೋಡ್ತಾನೇನ್ರಿ?’

‘ನೋಡ್ತಾನ್ರಿ ಸರ… ಒಮ್ಮೊಮ್ಮೆ ನೋಡೂದಿಲ್ರಿ.’

ಆ ‘ಒಮ್ಮೊಮ್ಮೆ’ಗೆ 2 ಅಂಕ ಬಿತ್ತು. ನಿಜವಾಗಿ ಅವನು ನಿಮ್ಮ ಮುಖ ನೋಡಿದ್ದು ಯುಗಾದಿಯ ದಿನ ಒಂದು ಸಲ, ಅದೂ ನಿಮ್ಮ ಮೂಗುತಿಯ ಹೊಳಪಿಗೆ. ‘ಮಂದ್ಯಾಗ ಕೂಡ್ತಾನೇನ್ರಿ?’ ‘ಹಂಗೇನಿಲ್ರಿ, ತನ್ನ ಪಾಡಿಗೆ ತಾ ಆಡ್ತಾನ್ರಿ, ಭಾಳ ಶಾಣ್ಯಾ ಅದಾನ್ರಿ.’ ಇನ್ನೊಂದು 2. ನಲವತ್ತಕ್ಕೂ ‘ಒಮ್ಮೊಮ್ಮೆ’ ಅಂದರೆ 80 ಅಂಕ, ಕೋಷ್ಟಕದ ಪ್ರಕಾರ ಶೇ 50. ನಲವತ್ತಕ್ಕೂ ‘ಆಗಾಗ’ ಅಂದರೆ 120, ಶೇ 70. ಐದಾರು ವರ್ಷ ನೆರೆಹೊರೆಗೆ ‘ಏನೂ ಆಗಿಲ್ರಿ ನಮ್ಮ ಹುಡುಗಗ’ ಎಂದು ಹೇಳಿ ಹೇಳಿ ರೂಢಿಯಾದ ನಾಲಿಗೆ, ಆ ಇಪ್ಪತ್ತು ನಿಮಿಷ ಉಲ್ಟಾ ಹೊರಳಬೇಕು. ಉತ್ಪ್ರೇಕ್ಷೆ ಬೇಡ. ನೋಟ್‌ಬುಕ್ಕು ತೆರೆದು ಓದಿ. ಅದು ಅದಕ್ಕೇ ಇರುವುದು.

ಮಗನೂ ಆ ದಿನ ಕೈಕೊಡುತ್ತಾನೆ. ಮನೆಯಲ್ಲಿ ಎರಡು ನಿಮಿಷ ಕೂರದವನು ಆ ಕೋಣೆಯಲ್ಲಿ ಬೊಂಬೆಯ ಹಾಗೆ ಕೂರುತ್ತಾನೆ. ಮೇಲೆ ಫ್ಯಾನಿದೆ. ಅದರ ಒಂದು ರೆಕ್ಕೆಗೆ ಬಣ್ಣ ಹೋಗಿದೆ, ತಿರುಗುವಾಗ ಬಿಳಿ-ಬೂದು-ಬಿಳಿ ಎಂದು ಹೊಳೆಯುತ್ತದೆ. ಅವನು ಅದನ್ನು ನೋಡಿ ನಗುತ್ತಾನೆ. ವೈದ್ಯರ ತಲೆ ಫ್ಯಾನಿನ ನೇರಕ್ಕೆ ಇರುವುದರಿಂದ ಅದು ವೈದ್ಯರ ಕಡೆ ನೋಡಿ ನಕ್ಕ ಹಾಗೆ ಕಾಣುತ್ತದೆ. ‘ನಗ್ತಾನಲ್ರಿ ಛಂದಾಗಿ!’ ತಡಮಾಡದೆ ಹೇಳಿ: ‘ಸರ, ಫ್ಯಾನ ಬಂದ್ ಮಾಡ್ರಿ.’ ಬಂದ್ ಮಾಡಿದ ಮೇಲೆ ಆಗುವುದನ್ನು ವಿವರಿಸುವ ಅಗತ್ಯ ಈ ಕೈಪಿಡಿಗೆ ಇಲ್ಲ, ನಿಮಗೆ ಗೊತ್ತು. ಆಸ್ಪತ್ರೆಯವರೂ ಓಡಿಬಂದು ನೋಡುತ್ತಾರೆ.

ಕಟ್ಟಕಡೆಯ ಅಂಶಗಳ ಬಗ್ಗೆ ಎಚ್ಚರ. ಅಲ್ಲಿ ‘ಅಸಾಮಾನ್ಯ ನೆನಪಿನ ಶಕ್ತಿ ಇದೆಯೇ?’ ಎಂಬ ಒಂದು ಅಂಶ ಬರುತ್ತದೆ. ಆಯಿ ಆ ಹೊತ್ತಿಗಾಗಿಯೇ ಕಾದಿರುತ್ತಾಳೆ. ‘ಹೂಂ ಮತ್ತ! ಮುದ್ದೇಬಿಹಾಳ ಸ್ಟ್ಯಾಂಡಿಗೆ ಬರೂ ಅಷ್ಟೂ ಬಸ್ಸಿನ ನಂಬರ ಹೇಳ್ತಾನ ನನ ಮೊಮ್ಮಗ, ಒಂದೂ ತಪ್ಪೂದಿಲ್ಲ.’ ಇಡೀ ಸಂದರ್ಶನದಲ್ಲಿ ಆಕೆ ಎದೆ ಸೆಟೆಸಿ ಹೇಳಿದ್ದು ಇದೊಂದೇ ಮಾತು. ವೈದ್ಯರು 5 ಬರೆದುಕೊಳ್ಳುತ್ತಾರೆ. ಈ ಕೋಲಿನಲ್ಲಿ ಜಾಣತನವೂ ಕೊರತೆಯ ಲೆಕ್ಕಕ್ಕೇ ಕೂಡುತ್ತದೆ. ಅದನ್ನು ಆಯಿಗೆ ಬಿಡಿಸಿ ಹೇಳುವ ಅವಶ್ಯಕತೆಯಿಲ್ಲ. ಹೊರಗೆ ಬಂದ ಮೇಲೆ ಅವಳು ಎಲ್ಲರಿಗೂ ‘ಡಾಕ್ಟರ ನಮ್ಮ ಹುಡುಗಗ ಐದಕ್ಕ ಐದು ಕೊಟ್ರು’ ಎಂದು ಹೇಳಿಕೊಳ್ಳಲಿ.

ದರಪಟ್ಟಿ

ಕೋಷ್ಟಕ ಹೀಗಿದೆ: 70 ಬಂದರೆ ಶೇ 40, 71ರಿಂದ 88ರವರೆಗೆ 50, 105ರವರೆಗೆ 60, 123ರವರೆಗೆ 70, 140ರವರೆಗೆ 80, 158ರವರೆಗೆ 90, ಅದನ್ನು ಮೀರಿದರೆ 100. ಶೇಕಡಾವಾರು ಹತ್ತರ ಮೆಟ್ಟಿಲಲ್ಲಿ ಏರುತ್ತದೆ, ನಡುವೆ ಏನೂ ಇಲ್ಲ.

ಕರ್ನಾಟಕದಲ್ಲಿ ಅಂಗವಿಕಲ ಮಾಸಾಶನದ ಸಾಮಾನ್ಯ ದರ ಶೇ 40ರಿಂದ ಮೇಲೆ ತಿಂಗಳಿಗೆ 800 ರೂಪಾಯಿ, ಶೇ 75 ಮುಟ್ಟಿದರೆ 1,400. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಟಿಸಂನಲ್ಲಿ ಶೇ 75 ಎಂಬ ಮೆಟ್ಟಿಲೇ ಇಲ್ಲ, 70 ಆದ ಮೇಲೆ 80. 123 ಅಂಕ ಬಂದ ಮಗುವಿಗೆ 800, 124 ಬಂದ ಮಗುವಿಗೆ 1,400. ಒಂದು ಅಂಕಕ್ಕೆ ತಿಂಗಳಿಗೆ 600 ರೂಪಾಯಿ. ನೀವು ಸಂಕೋಚದಿಂದ ಹೇಳಿದ ಆ ಒಂದು ‘ಒಮ್ಮೊಮ್ಮೆ’ಯ ಬೆಲೆ ವರ್ಷಕ್ಕೆ 7,200. ಈ ಎರಡು ಪಟ್ಟಿಗಳನ್ನು ಬರೆದವರು ಒಬ್ಬರಿಗೊಬ್ಬರು ಭೇಟಿಯಾದಂತೆ ಕಾಣುವುದಿಲ್ಲ.

ಹಣದ ಹೊರತಾಗಿ ಶೇ 40 ಮುಟ್ಟಿದ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಶಾಲೆಗೆ ಬರಲಾಗದಿದ್ದರೆ ಗೃಹಾಧಾರಿತ ಶಿಕ್ಷಣ ಕೇಳಬಹುದು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ. ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ. ಥೆರಪಿ ಎಲ್ಲಿ ಸಿಗುತ್ತದೆ ಎಂಬುದು ಬೇರೆ ಕೈಪಿಡಿಯ ವಿಷಯ.

ನಾಡಕಚೇರಿ

ಕಾರ್ಡು ಬಂದರೆ ದುಡ್ಡು ಬಂದಂತಲ್ಲ. ಕಾರ್ಡು ಆರೋಗ್ಯದ ಕಡೆಯದು, ಮಾಸಾಶನ ಕಂದಾಯದ ಕಡೆಯದು. ನಾಡಕಚೇರಿಯಲ್ಲಿ ಹೊಸದಾಗಿ ಅರ್ಜಿ ಕೊಡಬೇಕು, ಸಕಾಲದ ಜಿಎಸ್‌ಸಿ ಸಂಖ್ಯೆ ಪಡೆದುಕೊಳ್ಳಬೇಕು. ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಮನೆಗೆ ಬಂದು ನೋಡಬೇಕು, ಆಮೇಲೆ ಕಂದಾಯ ನಿರೀಕ್ಷಕರು, ಆಮೇಲೆ ತಹಶೀಲ್ದಾರರು.

ಇಲ್ಲಿ ಬೇಕಾಗುವುದು ಆದಾಯ ಪ್ರಮಾಣಪತ್ರ. ಮಿತಿ ವರ್ಷಕ್ಕೆ 32,000 ರೂಪಾಯಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಆಗ ಸರಕಾರ ಖಾತ್ರಿ ಕೊಟ್ಟಿದ್ದ ನೂರು ದಿನದ ಕೆಲಸವನ್ನು ಒಬ್ಬರು ಪೂರ್ತಿ ಮಾಡಿದರೆ 37,000 ಆಗುತ್ತಿತ್ತು. ಅಂದರೆ ಸರಕಾರದ ಕೆರೆ ಹೂಳನ್ನು ನಿಯತ್ತಾಗಿ ಎತ್ತಿದವರು ಅದೇ ಸರಕಾರದ ಲೆಕ್ಕದಲ್ಲಿ ಅನುಕೂಲಸ್ಥರು. ಈ ಗಣಿತವನ್ನು ಕೌಂಟರಿನಲ್ಲಿ ಎತ್ತಬೇಡಿ. ಅಲ್ಲಿ ಕೂತವರಿಗೂ ಅದು ಗೊತ್ತಿದೆ.

ದೋಷ ಮತ್ತು ಪರಿಹಾರ

‘ನೋಡಾಕ ಚೊಲೋ ಅದಾನಲ್ರಿ, ಕೈಕಾಲು ನೆಟ್ಟಗದಾವ.’ ಇದು ಅತ್ಯಂತ ಸಾಮಾನ್ಯ ದೋಷ, ಕಚೇರಿಯ ಕಡೆಯಿಂದ ಬರುವಂಥದ್ದು. ಜಗಳಕ್ಕೆ ನಿಲ್ಲಬೇಡಿ. ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರುವ ಪುಟದ ಝೆರಾಕ್ಸ್ ತೆಗೆದು ಮೇಜಿನ ಮೇಲಿಡಿ. ಕಚೇರಿಯಲ್ಲಿ ಝೆರಾಕ್ಸಿಗೆ ಇರುವ ಗೌರವ ಮನುಷ್ಯರಿಗೆ ಇಲ್ಲ.

ಹೆಸರು ಹೊಂದುವುದಿಲ್ಲ. ಮನೆಯಲ್ಲಿ ಮುತ್ತು, ಅಂಗನವಾಡಿಯಲ್ಲಿ ಮುತ್ತಪ್ಪ, ಆಧಾರಿನಲ್ಲಿ ಮುತ್ತುರಾಜ. ಕಂಪ್ಯೂಟರಿಗೆ ಇವರು ಮೂವರು, ಅದರಲ್ಲಿ ಒಬ್ಬನಿಗೆ ಮಾತ್ರ ಆಟಿಸಂ. ಆಧಾರಿನ ಹೆಸರನ್ನೇ ಮೂಲವಾಗಿಟ್ಟುಕೊಂಡು ಉಳಿದ ಎಲ್ಲ ಪತ್ರಗಳನ್ನು ಆ ಹೆಸರಿನಲ್ಲೇ ಬರೆಸಿ. ಹಳೆ ತಾಲ್ಲೂಕು, ಹೊಸ ತಾಲ್ಲೂಕಿನ ಗೊಂದಲಕ್ಕೂ ಮದ್ದು ಇದೇ: ಅರ್ಜಿ ಹಾಕುವ ಮುಂಚೆ ಆಧಾರಿನ ವಿಳಾಸ ತಿದ್ದಿಸಿ, ಹಾಕಿದ ಮೇಲೆ ಅಲ್ಲ.

ಮರಾಠಿ ಚೀಟಿ. ಸೊಲ್ಲಾಪುರದ ದಾಖಲೆಯನ್ನು ಇತಿಹಾಸವೆಂದು ತೋರಿಸಬಹುದು. ಪ್ರಮಾಣಪತ್ರ ಮಾತ್ರ ನೀವು ವಾಸವಿರುವ ಜಿಲ್ಲೆಯಿಂದ, ಇಲ್ಲವೇ ಮಗು ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯಿಂದ.

ಅಂಕ 69 ಬಂದಿದೆ, ಅಥವಾ ನಿಮಗೆ ತಿಳಿದದ್ದಕ್ಕಿಂತ ಬಹಳ ಕಡಿಮೆ ಬಂದಿದೆ. 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ಎಲ್ಲಿಗಾದರೂ ಹೋಗಿ ವಿವರವಾಗಿ ಪರೀಕ್ಷೆ ಮಾಡಿಸಿದರೆ ಫೈಲಿಗೆ ಬಲ ಬರುತ್ತದೆ. ಹೋಗಿಬರಲು ಎಷ್ಟು ಖರ್ಚು ಎಂಬುದನ್ನು ಮಾಸಾಶನದ 800ರಿಂದ ಭಾಗಿಸಿ ನೋಡಿ ನಿರ್ಧರಿಸಿ.

ಮಂಜೂರಾಗಿದೆ, ಖಾತೆಗೆ ಬಂದಿಲ್ಲ. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿರುವುದಿಲ್ಲ. ಬ್ಯಾಂಕಿನವರು ಆಗಿದೆ ಎನ್ನುತ್ತಾರೆ. ಇನ್ನೊಮ್ಮೆ ಮಾಡಿಸಿ.

ವಾರಂಟಿ

ಬಂದ ಕಾರ್ಡಿಗೆ ಬಣ್ಣವಿದೆ. ಶೇ 40 ಮುಟ್ಟದಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಅದರ ಅವಧಿ ನೋಡಿಕೊಳ್ಳಿ. ಮಕ್ಕಳಿಗೆ ಕೊಡುವ ಆಟಿಸಂ ಪ್ರಮಾಣಪತ್ರ ತಾತ್ಕಾಲಿಕ, ಅದರಲ್ಲಿ ನವೀಕರಣದ ವಯಸ್ಸು ನಮೂದಾಗಿರುತ್ತದೆ. ಮಗು ಬೆಳೆದಂತೆ ಅಂಕ ಬದಲಾಗಬಹುದು ಎಂಬ ಕಾರಣಕ್ಕೆ ಹಾಗೆ ಮಾಡಿದ್ದು, ಅದು ವೈದ್ಯಕೀಯವಾಗಿ ಸರಿಯೇ. ನಡುವೆ ಅವಧಿ ಮುಗಿದು ಮಾಸಾಶನ ನಿಂತರೆ ಮಾತ್ರ ಅದು ವೈದ್ಯಕೀಯವಲ್ಲ. ಮುಗಿಯುವ ಆರು ತಿಂಗಳು ಮುಂಚೆಯೇ ವಿಆರ್‌ಡಬ್ಲ್ಯು ಅವರಿಗೆ ಜ್ಞಾಪಿಸಿ.

ಶಾಶ್ವತ ಪ್ರಮಾಣಪತ್ರ 18 ತುಂಬಿದ ಮೇಲೆ. ಆ ದಿನ ಇನ್ನೊಂದು ಸಂಗತಿಯೂ ಆಗುತ್ತದೆ. ಮಗ ಕಾನೂನಿನ ಪ್ರಕಾರ ವಯಸ್ಕ, ಅವನ ಪರವಾಗಿ ಸಹಿ ಹಾಕುವ ನಿಮ್ಮ ಅಧಿಕಾರ ಮುಗಿಯಿತು. ಅವನು ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಲ್ಲನಾದರೆ ಬಹಳ ಸಂತೋಷ. ಅದು ಆಗದಿದ್ದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ಹದಿನೆಂಟು ವರ್ಷ ಸಾಕಿದ ಮಗನಿಗೆ ನಿಮ್ಮನ್ನೇ ಪಾಲಕರೆಂದು ನೇಮಿಸುವಂತೆ ವಿನಂತಿಸಿಕೊಳ್ಳಬೇಕು. ಅರ್ಜಿಯ ಜೊತೆ ಅಂಗವೈಕಲ್ಯ ಪ್ರಮಾಣಪತ್ರದ ಝೆರಾಕ್ಸ್ ಲಗತ್ತಿಸಿ. ಅವಧಿ ಮುಗಿದದ್ದು ನಡೆಯುವುದಿಲ್ಲ.